ಹೊರೆ ಹೊರುವ ವ್ಯಾನಿಗೆ ರ‍್ಯಾಲಿಯ ನಡೆ ಕಲಿಸಿದ ಬಗೆ

ಸರಕು ಸಾಗಿಸುವ ವ್ಯಾನನ್ನು ರ‍್ಯಾಲಿ ಸ್ಪರ್ಧೆಯ ಕಾರಿನಂತೆ ಓಡಿಸಬೇಕೆಂಬ ಹುಚ್ಚು ಹಿಡಿದವರು ಸಾಮಾನ್ಯವಾಗಿ ಮೊದಲು ಕೈಯಿಡುವುದು ಎಂಜಿನ್ನಿಗೆ. ನಾನು ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ವ್ಯಾನನ್ನು ಮೊದಲು ಹತ್ತಿಸಿದ್ದು ನಾಲ್ಕು ಚಕ್ರಗಳ ಭಾರವನ್ನು ಬೇರೆಬೇರೆಯಾಗಿ ತೋರಿಸುವ ತೂಕದ ಹಾಸುಗಳ ಮೇಲೆ. ಖಾಲಿ ವ್ಯಾನಿನ ಒಟ್ಟು ತೂಕ 1,850 ಕಿಲೋ ಬಂತು. ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 1,120, ಹಿಂದಿನದರ ಮೇಲೆ 730. ನಂತರ ತಯಾರಕರು ಅನುಮತಿಸಿದ 2,800 ಕಿಲೋ ಮಿತಿಯವರೆಗೂ ಸರಕು ತುಂಬಿಸಿ ಮತ್ತೆ ತೂಗಿದಾಗ ಮುಂದೆ 1,350, ಹಿಂದೆ 1,450 ಆಯಿತು. ಮುಂಭಾಗದ ಭಾರ ಐದರಲ್ಲೊಂದು ಪಾಲಿನಷ್ಟು ಹೆಚ್ಚಿದ್ದರೆ, ಹಿಂಭಾಗದ ಭಾರ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಮುಂದಿನ ಎಲ್ಲ ತೀರ್ಮಾನಗಳೂ ಈ ನಾಲ್ಕು ಅಂಕಿಗಳಿಂದಲೇ ಹುಟ್ಟಿದವು. ಏಕೆಂದರೆ ವ್ಯಾನಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಬ್ರೇಕು, ಟಯರು ಎಲ್ಲವೂ ಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಖಾಲಿ ಓಡುವಾಗ ಅವೆಲ್ಲವೂ ತಮ್ಮದಲ್ಲದ ಕೆಲಸವನ್ನು ಮಾಡುತ್ತಿರುತ್ತವೆ. ರ‍್ಯಾಲಿಯಂತೆ ಓಡಿಸುವುದೋ ಖಾಲಿ ವ್ಯಾನನ್ನೇ.

ನನ್ನದು ಹಳೆಯ ಪೀಳಿಗೆಯ ಮಧ್ಯಮ ಗಾತ್ರದ ವ್ಯಾನು: ಮುಂಚಕ್ರ ಚಾಲನೆ, ಟರ್ಬೊ (ನಿಷ್ಕಾಸದ ಬಲದಿಂದ ಎಂಜಿನ್ನಿಗೆ ಗಾಳಿ ಒತ್ತುವ ಸಾಧನ) ಇರುವ ಎರಡು ಲೀಟರಿನ ಡೀಸೆಲ್ ಎಂಜಿನ್, ಐದು ಗೇರು, ಮುಂದೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು ಒಂದೇ ಕಂಬವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗಿನ ಮೇಲೆ ಕುಳಿತ ಗಟ್ಟಿ ಆಕ್ಸಲ್ ಮತ್ತು ಡ್ರಮ್ ಬ್ರೇಕು. ಬ್ರೇಕು ತುಳಿದಾಗ ಚಕ್ರಗಳು ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ, ಜಾರುವಿಕೆಯನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇಲ್ಲ. ವಾರದ ದಿನಗಳಲ್ಲಿ ಅದು ಸರಕು ಹೊರಬೇಕು, ಬಿಡುವಿನಲ್ಲಿ ಸಾರ್ವಜನಿಕರಿಲ್ಲದ ಮುಚ್ಚಿದ ಗರಸು ಹಾದಿಯಲ್ಲಿ ಓಡಬೇಕು ಎಂಬುದು ನಾನೇ ಹಾಕಿಕೊಂಡ ಷರತ್ತು. ಈ ಷರತ್ತನ್ನು ಕೈಬಿಟ್ಟರೆ ಕೆಲಸ ಬಹಳ ಸುಲಭವಾಗುತ್ತದೆ, ಆದರೆ ಆಗ ಉಳಿಯುವುದು ವ್ಯಾನಿನ ಹೊರಕವಚ ಮಾತ್ರ. ಫೋರ್ಡ್ ಕಂಪನಿ 1971ರಲ್ಲಿ ತೋರಿಸಿದ ಮೊದಲ ಸೂಪರ್‌ವ್ಯಾನ್ ಟ್ರಾನ್ಸಿಟ್ ವ್ಯಾನಿನ ದೇಹದ ಕೆಳಗೆ ಜಿಟಿ40 ರೇಸ್ ಕಾರಿನ ಯಂತ್ರಭಾಗಗಳನ್ನು ಇಟ್ಟುಕೊಂಡಿತ್ತು. 2023ರಲ್ಲಿ ಫ್ರೆಂಚ್ ರೇಸ್ ಚಾಲಕ ರೊಮೇನ್ ದ್ಯುಮಾ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟವನ್ನು 8 ನಿಮಿಷ 47.682 ಸೆಕೆಂಡುಗಳಲ್ಲಿ ಹತ್ತಿಸಿದ ವಿದ್ಯುತ್ ಸೂಪರ್‌ವ್ಯಾನ್ 4.2 ಕೂಡ ಅದೇ ಜಾತಿಯದು. ಅವು ಬೆರಗುಗೊಳಿಸುವ ಯಂತ್ರಗಳು, ಆದರೆ ಅವುಗಳಲ್ಲಿ ಒಂದು ಮೂಟೆಯನ್ನೂ ಸಾಗಿಸಲು ಬರುವುದಿಲ್ಲ. ಇನ್ನೊಂದು ತುದಿಯಲ್ಲಿ, ರ‍್ಯಾಲಿ ಕಾರಿನ ಬಂಪರು, ಅಗಲವಾದ ಚಕ್ರಕಮಾನು, ಹಿಂಬಾಗಿಲ ಮೇಲಿನ ರೆಕ್ಕೆ ಇವನ್ನಷ್ಟೇ ತೊಡಿಸಿ ಒಳಗಿನದನ್ನು ಇದ್ದ ಹಾಗೆಯೇ ಬಿಡುವ ಪದ್ಧತಿಯೂ ಇದೆ. ನೋಡಲು ಅಂದವಾಗಿರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ನನಗೆ ಬೇಕಾಗಿದ್ದುದು ಇವೆರಡರ ನಡುವಿನದು.

ಭಾರದ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ಎಷ್ಟು ಭಾರ ವರ್ಗವಾಗುತ್ತದೆ ಎಂಬುದು ವಾಹನದ ತೂಕ, ತಿರುವಿನ ಬಿರುಸು ಮತ್ತು ಗುರುತ್ವ ಕೇಂದ್ರದ ಎತ್ತರವನ್ನು ಗುಣಿಸಿ, ಎಡಬಲ ಚಕ್ರಗಳ ನಡುವಣ ಅಂತರದಿಂದ ಭಾಗಿಸಿದರೆ ಸಿಗುತ್ತದೆ. ಗುರುತ್ವ ಕೇಂದ್ರ 75 ಸೆಂಟಿಮೀಟರ್ ಎತ್ತರದಲ್ಲಿದೆ, ಚಕ್ರಗಳ ಅಂತರ 1.7 ಮೀಟರ್ ಇದೆ ಎಂದಿಟ್ಟುಕೊಂಡು, ಗುರುತ್ವಾಕರ್ಷಣೆಯ 0.7 ಪಾಲಿನ ಬಿರುಸಿನಲ್ಲಿ ತಿರುಗಿದರೆ ನನ್ನ ಖಾಲಿ ವ್ಯಾನಿನಲ್ಲಿ ಸುಮಾರು 570 ಕಿಲೋ ಭಾರ ಹೊರಬದಿಗೆ ಹೋಗುತ್ತದೆ. ಅಂದರೆ ಒಳಬದಿಯ ಚಕ್ರಗಳು ತಮ್ಮ ಭಾರದಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತವೆ. ಅರ್ಧ ಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರವಿರುವ, 1,200 ಕಿಲೋ ತೂಕದ, 1.6 ಮೀಟರ್ ಚಕ್ರಾಂತರದ ಕಾರು ಅದೇ ತಿರುವಿನಲ್ಲಿ ಕಳೆದುಕೊಳ್ಳುವುದು ನೂರಕ್ಕೆ ನಲವತ್ನಾಲ್ಕು. ಟಯರಿನ ಮೇಲಿನ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹಿಡಿತ ಹೆಚ್ಚುವುದಿಲ್ಲವಾದ್ದರಿಂದ, ಹೀಗೆ ವರ್ಗವಾದ ಭಾರದ ಒಂದು ಪಾಲು ವ್ಯರ್ಥವೇ ಸರಿ. ಗಟ್ಟಿ ಸ್ಪ್ರಿಂಗು ಹಾಕಿದರೆ ವಾಲುವುದು ಕಡಿಮೆಯಾಗುತ್ತದೆಯೇ ಹೊರತು ಈ ವರ್ಗಾವಣೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅದನ್ನು ಇಳಿಸುವ ದಾರಿ ಮೂರೇ: ತೂಕ ಇಳಿಸುವುದು, ತೂಕವನ್ನು ಕೆಳಕ್ಕೆ ತರುವುದು, ಚಕ್ರಗಳನ್ನು ಹೊರಕ್ಕೆ ಸರಿಸುವುದು.

ಆದ್ದರಿಂದ ಕೆಲಸವನ್ನು ಒಳಗಿನ ತೂಕದಿಂದ ಆರಂಭಿಸಿದೆ. ಇಬ್ಬರು ಕೂರುವ ಪಕ್ಕದ ಸೀಟು, ಗೋಡೆಗಳ ಎತ್ತರಕ್ಕೂ ಜಡಿದಿದ್ದ ಪ್ಲೈವುಡ್, ಚಾವಣಿಯ ಮೇಲಿನ ಕಬ್ಬಿಣದ ಕ್ಯಾರಿಯರ್ ಹೊರಬಂದವು. ಈ ಮೂರರಲ್ಲಿ ಅತ್ಯಂತ ಹೆಚ್ಚು ಲಾಭ ಕೊಟ್ಟದ್ದು ಕ್ಯಾರಿಯರ್. ಅಷ್ಟು ಎತ್ತರದಲ್ಲಿದ್ದ ಕಬ್ಬಿಣ ಹೋದದ್ದರಿಂದ ತಿರುವಿನೊಳಗೆ ಹೋಗುವಾಗಿನ ಹಿಂಜರಿಕೆ ಆಗಲೇ ಕಡಿಮೆಯಾಯಿತು. ನೆಲದ ಪ್ಲೈವುಡ್ ಹಾಗೆಯೇ ಇರಲಿ ಎಂದು ಬಿಟ್ಟೆ, ಏಕೆಂದರೆ ಸರಕು ಕಟ್ಟುವ ಕೊಂಡಿಗಳು ಅದರ ಮೂಲಕವೇ ಚಾಸಿಗೆ ಹೋಗುತ್ತವೆ. ಹೆಚ್ಚುವರಿ ಚಕ್ರ, ಜಾಕು, ಉಪಕರಣಗಳ ಪೆಟ್ಟಿಗೆ ಮೂರನ್ನೂ ಎರಡು ಆಕ್ಸಲ್‌ಗಳ ನಡುವೆ ನೆಲಕ್ಕೆ ಒತ್ತಿ ಬಿಗಿದೆ.

ಹಿಂದಿನ ಲೀಫ್ ಸ್ಪ್ರಿಂಗು ಈ ಇಡೀ ಕೆಲಸದ ತಿರುಳು. ಹಲವು ಪಟ್ಟಿಗಳ ಹಳೆಯ ಸೆಟ್ಟಿನಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಸಣ್ಣ ಉಬ್ಬುತಗ್ಗುಗಳಿಗೆ ಸ್ಪ್ರಿಂಗು ಮಣಿಯುವುದೇ ಇಲ್ಲ. ಖಾಲಿ ವ್ಯಾನಿನ ಹಿಂಭಾಗ ಗರಸಿನ ಮೇಲೆ ಕುಪ್ಪಳಿಸುವುದು ಅದಕ್ಕೇ. ಕುಪ್ಪಳಿಸುವ ಚಕ್ರ ಗಾಳಿಯಲ್ಲಿರುವಷ್ಟು ಹೊತ್ತು ನೆಲದ ಮೇಲೆ ಹಿಡಿತವೆಂಬುದೇ ಇರುವುದಿಲ್ಲ. ಸ್ಪ್ರಿಂಗು ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರು ವ್ಯಾನಿನ ಕೆಳಗೆ ನುಸುಳಿ ನೋಡಿ, “ಇದನ್ನು ಮೆತ್ತಗೆ ಮಾಡಿದರೆ ಸೋಮವಾರ ಸರಕು ಯಾರು ಹೊರುತ್ತಾರೆ, ನೀವೇನಾ?” ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಅವರೇ ಸೂಚಿಸಿದಂತೆ, ಮಧ್ಯದಲ್ಲಿ ದಪ್ಪವಾಗಿ ತುದಿಗಳತ್ತ ತೆಳುವಾಗುವ, ನಡುವೆ ಬಿಟ್ಟರೆ ಒಂದಕ್ಕೊಂದು ತಾಗದ ಎರಡು ಪಟ್ಟಿಗಳ ಪ್ಯಾರಾಬೋಲಿಕ್ ಸೆಟ್ಟನ್ನು ಖಾಲಿ ವ್ಯಾನಿನ ತೂಕಕ್ಕೆ ಹತ್ತಿರವಾಗಿ ಮಾಡಿಸಿದೆವು. ಅದರ ಮೇಲೆ, ಆಕ್ಸಲ್ ಮತ್ತು ಚಾಸಿಯ ನಡುವೆ, ಗಾಳಿ ತುಂಬುವ ಸಹಾಯಕ ಸ್ಪ್ರಿಂಗುಗಳನ್ನು ಕೂರಿಸಿದೆವು. ಸರಕು ತುಂಬಿದಾಗ ಗಾಳಿ ಹೆಚ್ಚಿಸುವುದು, ಖಾಲಿ ಓಡುವಾಗ ಚೀಲ ಮಡಚಿಕೊಳ್ಳದಷ್ಟು ಮಾತ್ರ ಉಳಿಸುವುದು. ಎಡಬಲದ ಚೀಲಗಳಿಗೆ ಬೇರೆಬೇರೆ ಕೊಳವೆ ಎಳೆದದ್ದಕ್ಕೆ ಕಾರಣವಿದೆ: ಎರಡನ್ನೂ ಒಂದೇ ಕೊಳವೆಗೆ ಜೋಡಿಸಿದರೆ ತಿರುವಿನಲ್ಲಿ ಹೊರಬದಿಯ ಗಾಳಿ ಒಳಬದಿಗೆ ಹರಿದು ವ್ಯಾನು ಇನ್ನಷ್ಟು ವಾಲುತ್ತದೆ.

ಶಾಕ್ ಅಬ್ಸಾರ್ಬರಿನ ವಿಷಯದಲ್ಲಿ ಇಂಥ ಸುಲಭದ ದಾರಿ ಇಲ್ಲ. ಹಿಂದಿನ ಭಾರ ಇಮ್ಮಡಿಯಾದಾಗ ಒಂದೇ ಸ್ಪ್ರಿಂಗಿನ ಮೇಲಿನ ಸಹಜ ತೂಗಾಟದ ವೇಗ ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗುತ್ತದೆ, ಅದನ್ನು ಹತೋಟಿಯಲ್ಲಿಡಲು ಬೇಕಾದ ತಡೆಬಲ ಮಾತ್ರ ಹೆಚ್ಚುತ್ತದೆ. ಹಾಗಾಗಿ ಹೊರಗಿನಿಂದ ತಿರುಗಿಸಬಹುದಾದ ಗುಂಡಿಯಿರುವ ಶಾಕ್ ಅಬ್ಸಾರ್ಬರುಗಳನ್ನು ಹಾಕಿಸಿ, ಹೊರೆಗೊಂದು ಖಾಲಿಗೊಂದು ಎಂದು ಎರಡು ಗುರುತುಗಳನ್ನು ಬಣ್ಣದಲ್ಲಿ ಹಾಕಿಟ್ಟುಕೊಂಡೆ. ಮುಂದೆ ಸ್ಪ್ರಿಂಗು ತುಸು ಗಟ್ಟಿಯಾದವು, ಎತ್ತರ ಮಾತ್ರ ಇಳಿಸಲಿಲ್ಲ. ವ್ಯಾನು ನೆಲಕ್ಕೆ ಒತ್ತಿಕೊಂಡು ನಿಂತರೆ ಚೆನ್ನಾಗಿ ಕಾಣುತ್ತದೆಂಬುದು ನಿಜ. ಆದರೆ ಗರಸಿನ ಹಾದಿಯಲ್ಲಿ ಬೇಕಾದುದು ಚಕ್ರ ಮೇಲೆ ಕೆಳಗೆ ಚಲಿಸಲು ಜಾಗ, ಅದನ್ನೇ ಬಿಟ್ಟುಕೊಟ್ಟರೆ ದುಬಾರಿ ಶಾಕ್ ಅಬ್ಸಾರ್ಬರೂ ಚಲನೆಯ ಕೊನೆಯಲ್ಲಿರುವ ರಬ್ಬರಿನ ತಡೆಗೆ, ಅಂದರೆ ಬಂಪ್ ಸ್ಟಾಪಿಗೆ, ಬಡಿಯುತ್ತದೆ. ಹಿಂದಿನ ಆಕ್ಸಲ್‌ಗೆ ವಾಲುವುದನ್ನು ತಡೆಯುವ ಸರಳಾದ ಆಂಟಿ-ರೋಲ್ ಬಾರ್ ಸೇರಿಸಿದ್ದರಿಂದ, ತಿರುವಿನಲ್ಲಿ ಮೂತಿ ನೇರಕ್ಕೆ ಹೋಗುವ ಮುಂಚಕ್ರ ಚಾಲನೆಯ ಚಟ ಗಣನೀಯವಾಗಿ ಕಡಿಮೆಯಾಯಿತು. ಬಿರುಸಾಗಿ ತಿರುಗಿಸಿದಾಗ ಒಳಬದಿಯ ಹಿಂದಿನ ಚಕ್ರ ನೆಲ ಬಿಟ್ಟೇಳುವುದು ಇದರ ಬೆಲೆ.

ಇಲ್ಲಿ ಬ್ರೇಕಿನ ಪ್ರಶ್ನೆ ಬಂತು. ಹಳೆಯ ವ್ಯಾನುಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಭಾರಕ್ಕೆ ತಕ್ಕಂತೆ ಏರಿಳಿಸುವ ಒಂದು ವಾಲ್ವ್ ಇರುತ್ತದೆ. ಚಾಸಿಗೆ ಬಿಗಿದ ಆ ವಾಲ್ವಿನಿಂದ ಒಂದು ಸರಳು ಹೊರಟು ಹಿಂದಿನ ಆಕ್ಸಲ್‌ಗೆ ಕಟ್ಟಿಕೊಂಡಿರುತ್ತದೆ. ಸರಕು ತುಂಬಿ ಹಿಂಭಾಗ ತಗ್ಗಿದರೆ ಸರಳು ಸರಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ವಾಲ್ವಿಗೆ ಗೊತ್ತಾಗುವುದು ತೂಕವಲ್ಲ, ಎತ್ತರ ಮಾತ್ರ. ಹಾಗಾಗಿ ಸ್ಪ್ರಿಂಗು ಬದಲಿಸಿ ಹಿಂಭಾಗವನ್ನು ತಗ್ಗಿಸಿದವರ ಖಾಲಿ ವ್ಯಾನಿನಲ್ಲಿ ಅದು ಸರಕಿದೆಯೆಂದು ಭಾವಿಸಿ, ಬ್ರೇಕು ತುಳಿದಾಗ ಹಿಂದಿನ ಚಕ್ರಗಳನ್ನು ಕಚ್ಚಿ ನಿಲ್ಲಿಸುತ್ತದೆ. ಗಾಳಿ ಚೀಲ ಹಾಕಿದವರಿಗೆ ತದ್ವಿರುದ್ಧದ ಅಪಾಯ: ಸರಕು ತುಂಬಿದ್ದರೂ ಗಾಳಿಯಿಂದ ಹಿಂಭಾಗ ಎತ್ತರದಲ್ಲೇ ಉಳಿಯುವುದರಿಂದ ವಾಲ್ವು ಖಾಲಿಯೆಂದು ಬಗೆದು ಹಿಂದಿನ ಬ್ರೇಕನ್ನು ಕುಗ್ಗಿಸುತ್ತದೆ. ಹೀಗಾಗಿ ನಾನು ಹೊರೆಯಿದ್ದಾಗಲೂ ಗಾಳಿಯನ್ನು ಹಿಂಭಾಗ ತನ್ನ ಮೂಲ ತಗ್ಗಿನ ಮಟ್ಟಕ್ಕೆ ಬರುವಷ್ಟು ಮಾತ್ರ ತುಂಬುವ ನಿಯಮ ಮಾಡಿಕೊಂಡೆ, ಮತ್ತು ಹೊಸ ಸ್ಪ್ರಿಂಗಿನ ಖಾಲಿ ಎತ್ತರಕ್ಕೆ ಸರಳಿನ ಉದ್ದವನ್ನು ಒತ್ತಡ ಅಳೆಯುವ ಗೇಜ್ ಹಿಡಿದು ಹೊಂದಿಸಿದೆ. ವ್ಯಾನು ಮಾರ್ಪಡಿಸುವವರು ಈ ಸರಳಿನ ಬಗ್ಗೆ ಮಾತನಾಡುವುದು ಅಪರೂಪ. ನನ್ನ ಮಟ್ಟಿಗೆ ಇದು ಟರ್ಬೊಗಿಂತ ದೊಡ್ಡ ವಿಷಯ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ 1,850 ಕಿಲೋ ವ್ಯಾನನ್ನು ನಿಲ್ಲಿಸಲು ಬ್ರೇಕುಗಳು 700 ಕಿಲೋಜೂಲ್‌ಗೂ ಮಿಕ್ಕಿದ ಶಕ್ತಿಯನ್ನು ಶಾಖವಾಗಿಸಬೇಕು, ಅದೂ ಮತ್ತೆ ಮತ್ತೆ. ಗರಸಿಗೆ ಚಕ್ರ 15 ಅಂಗುಲದ್ದೇ ಇರಬೇಕಾಗಿದ್ದುದರಿಂದ ಮುಂದಿನ ಬ್ರೇಕಿನ ಡಿಸ್ಕ್ ದೊಡ್ಡದು ಮಾಡಲು ಜಾಗವಿರಲಿಲ್ಲ. ಶಾಖ ತಾಳುವ ಪ್ಯಾಡು, ಬಂಪರಿನ ಕೆಳಗಿನಿಂದ ಡಿಸ್ಕಿನ ನಡುವಿಗೆ ಗಾಳಿ ತರುವ ಕೊಳವೆ, ಮತ್ತು ಡಾಟ್ 5.1 ದರ್ಜೆಯ ಬ್ರೇಕ್ ದ್ರವ ಇಷ್ಟರಲ್ಲೇ ಮುಗಿಸಿದೆ. ಈ ದ್ರವ ಹೊಸದಿದ್ದಾಗ 260 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದೆಂಬ ಮಾನದಂಡವಿದೆ. ತೇವ ಹೀರಿಕೊಂಡ ಮೇಲೆ ಅದೇ ಮಿತಿ 180ಕ್ಕೆ ಇಳಿಯುತ್ತದೆ, ಆದ್ದರಿಂದ ಬದಲಿಸುತ್ತಲೇ ಇರಬೇಕು. ಹಿಂದಿನ ಚಕ್ರಗಳನ್ನು ಕ್ಷಣಕಾಲ ಕಟ್ಟಿಹಾಕಿ ವ್ಯಾನನ್ನು ತಿರುಗಿಸುವ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಸೇರಿಸಿದೆನಾದರೂ, ಕೇಬಲ್ಲಿನ ಮೂಲ ಹ್ಯಾಂಡ್‌ಬ್ರೇಕನ್ನು ತೆಗೆಯಲಿಲ್ಲ. ನಿಲುಗಡೆಯ ಬ್ರೇಕು ದ್ರವದ ಒತ್ತಡವನ್ನು ನೆಚ್ಚಿಕೊಳ್ಳದೆ ಯಾಂತ್ರಿಕವಾಗಿಯೇ ಹಿಡಿದಿರಬೇಕು.

ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಕಾರುಗಳು ಗರಸಿಗೆ 15 ಅಂಗುಲದ ಚಕ್ರವನ್ನೂ ಡಾಂಬರಿಗೆ 18 ಅಂಗುಲದ್ದನ್ನೂ ಬಳಸುತ್ತವೆ. ಗರಸಿಗೆ ಟಯರಿನ ಗೋಡೆ ಎತ್ತರವಿರಬೇಕು, ಕಲ್ಲಿಗೆ ತಾಗಿದಾಗ ಅದೇ ಮಣಿದು ಚಕ್ರವನ್ನು ಉಳಿಸುತ್ತದೆ. ನನ್ನ ವ್ಯಾನಿನ ಮೂಲ ಚಕ್ರವೂ 15 ಅಂಗುಲದ್ದಾಗಿದ್ದುದು ಅನುಕೂಲವೇ ಆಯಿತು. ಅದರ 195/70 ಆರ್15ಸಿ ಟಯರಿನ ಮೇಲಿರುವ ‘ಸಿ’ ಅಕ್ಷರ ವಾಣಿಜ್ಯ ವಾಹನಕ್ಕೆ ಮಾಡಿದ್ದೆಂಬುದರ ಗುರುತು, 104 ಎಂಬ ಭಾರಸೂಚ್ಯಂಕವೆಂದರೆ ಒಂದು ಟಯರು 900 ಕಿಲೋ ಹೊರಬಲ್ಲದು. ಗರಸಿಗೆ ಅದೇ ವರ್ಗದ, ದಪ್ಪ ಕಚ್ಚಿನ ಟಯರನ್ನು ಆರಿಸಿದೆ. ಡಾಂಬರಿಗೆಂದು 17 ಅಂಗುಲದ ಇನ್ನೊಂದು ಸೆಟ್ ಕೊಳ್ಳುವಾಗ ಮಾತ್ರ ಎಚ್ಚರ ಬೇಕಾಯಿತು. ಮುಂದಿನ ಆಕ್ಸಲ್‌ನ ಗರಿಷ್ಠ ಮಿತಿ 1,550 ಕಿಲೋ. 225/55 ಆರ್17 ಅಳತೆಯಲ್ಲಿ ಸಾಧಾರಣ ಟಯರಿನ ಸೂಚ್ಯಂಕ 97, ಅಂದರೆ 730 ಕಿಲೋ. ಎರಡು ಸೇರಿದರೂ 1,460. ಅದೇ ಅಳತೆಯ ಬಲವರ್ಧಿತ ಟಯರಿನ ಸೂಚ್ಯಂಕ 101, ಅಂದರೆ 825 ಕಿಲೋ, ಎರಡಕ್ಕೆ 1,650. ಅಂಗಡಿಯ ಬೆಳಕಿನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಅಲಾಯ್ ಚಕ್ರದ ಮೇಲೂ ಅದು ಹೊರಬಲ್ಲ ಭಾರವನ್ನು ಅಚ್ಚೊತ್ತಿರುತ್ತಾರೆ, ಕಾರಿನ ಚಕ್ರದ ತೂತುಗಳು ಸರಿಹೊಂದಿದವೆಂದು ಅದನ್ನು ವ್ಯಾನಿಗೆ ಏರಿಸಿಬಿಡುವುದು ದುಡುಕು.

ವಾಹನ ಮಗುಚಿದಾಗ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟಾದ ರೋಲ್ ಕೇಜಿನ ವಿಷಯದಲ್ಲಿ ಬಹಳ ಹೊತ್ತು ಯೋಚಿಸಿದೆ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ಸ್ಪರ್ಧಾ ನಿಯಮಾವಳಿಯ ಅನುಬಂಧ ಜೆ, 253ನೆಯ ವಿಧಿಯ ಪ್ರಕಾರ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ ಮತ್ತು 2.5 ಮಿಲಿಮೀಟರ್ ದಪ್ಪದ, ಅಥವಾ 50 ವ್ಯಾಸ ಮತ್ತು 2 ದಪ್ಪದ, ಬೆಸುಗೆಯ ಹೊಲಿಗೆಯಿಲ್ಲದ, ಕಾಯಿಸದೆಯೇ ಎಳೆದು ಮಾಡಿದ ಉಕ್ಕಿನ ಕೊಳವೆ ಬೇಕು. ಪೂರ್ಣ ಕೇಜ್ ಕಟ್ಟಿದರೆ ಮುಂದಿನ ಕೊಳವೆಗಳು ಚಾಲಕನ ತಲೆಯ ಪಕ್ಕದಲ್ಲೇ ಹಾಯುತ್ತವೆ. ಹೆಲ್ಮೆಟ್ ಇದ್ದಾಗ ಅದು ರಕ್ಷಣೆ. ಹೆಲ್ಮೆಟ್ ಇಲ್ಲದೆ ದಿನನಿತ್ಯದ ಓಡಾಟದಲ್ಲಿ ಸಣ್ಣ ಅಪಘಾತವಾದರೂ ತಲೆಗೆ ಬಡಿಯುವುದು ಅದೇ ಉಕ್ಕು. ಆದ್ದರಿಂದ ಸರಕಿನ ಕೋಣೆಯನ್ನು ಬೇರ್ಪಡಿಸುವ ತಡೆಗೋಡೆಗೆ ಒತ್ತಿಕೊಂಡಂತೆ, ಅದರ ಹಿಂಬದಿಗೆ, ಮುಖ್ಯ ಕಮಾನನ್ನೂ ಅದರಿಂದ ಹಿಂದಿನ ಆಕ್ಸಲ್‌ನತ್ತ ಇಳಿಯುವ ಎರಡು ಕೈಗಳನ್ನೂ ಕರ್ಣರೇಖೆಯ ಒಂದು ಕೊಳವೆಯನ್ನೂ ಬೆಸೆಯಿಸಿದೆ. ಇದು ಸ್ಪರ್ಧೆಗೆ ಅರ್ಹವಾದ ಕೇಜ್ ಅಲ್ಲ, ಸ್ಪರ್ಧೆ ನನ್ನ ಉದ್ದೇಶವೂ ಆಗಿರಲಿಲ್ಲ. ಇದರಿಂದ ಆದ ನಿಜವಾದ ಲಾಭವೆಂದರೆ ಖಾಲಿ ಪೆಟ್ಟಿಗೆಯಂತಿದ್ದ ಹಿಂಭಾಗ ತಿರುಚಿಕೊಳ್ಳುವುದು ಕಡಿಮೆಯಾಗಿ, ಶಾಕ್ ಅಬ್ಸಾರ್ಬರಿನ ಗುಂಡಿಯನ್ನು ಒಂದು ಗೆರೆ ತಿರುಗಿಸಿದರೂ ವ್ಯತ್ಯಾಸ ಕೈಗೆ ತಿಳಿಯತೊಡಗಿದ್ದು. ಕೆಳಗೆ ಆರು ಮಿಲಿಮೀಟರ್ ದಪ್ಪದ ಎಂಜಿನ್ನಿನ ಎಣ್ಣೆತೊಟ್ಟಿಯನ್ನು ಕಾಯುವ ಅಲ್ಯೂಮಿನಿಯಂ ಸಂಪ್ ಗಾರ್ಡ್, ನಾಲ್ಕೂ ಚಕ್ರಗಳ ಹಿಂದೆ ಮಡ್ ಫ್ಲ್ಯಾಪ್, ಬ್ರೇಕು ಮತ್ತು ಡೀಸೆಲ್ ಕೊಳವೆಗಳಿಗೆ ಕಲ್ಲೇಟು ತಾಗದ ಹೊದಿಕೆ ಇವೆಲ್ಲ ಹೆಚ್ಚು ಚರ್ಚೆಯಿಲ್ಲದೆ ಮುಗಿದವು.

ಎಂಜಿನ್ನಿಗೆ ಬಂದದ್ದು ಆಮೇಲೆ. ಮೂಲದಲ್ಲಿ 125 ಅಶ್ವಶಕ್ತಿ ಮತ್ತು 285 ನ್ಯೂಟನ್‌ಮೀಟರ್ ತಿರುಚುಬಲವಿದ್ದ ಅದನ್ನು, ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಇಂಧನ ಮತ್ತು ಬೂಸ್ಟಿನ (ಟರ್ಬೊ ಒತ್ತಡದ) ನಕ್ಷೆ ತಿದ್ದಿ, 155 ಮತ್ತು 350ಕ್ಕೆ ಒಯ್ದೆವು. ಇನ್ನೂ ಏರಿಸಬಹುದಿತ್ತು, ಆದರೆ ಡೀಸೆಲ್ಲಿಗೆ ಇಂಧನ ಹೆಚ್ಚಿಸಿದಂತೆಲ್ಲ ನಿಷ್ಕಾಸದ ಶಾಖ ಏರುತ್ತದೆ, ಅದನ್ನು ಮೊದಲು ತಾಳಿಕೊಳ್ಳಬೇಕಾದುದು ಟರ್ಬೊ. ಟರ್ಬೊ ಒತ್ತಿದ ಗಾಳಿಯನ್ನು ತಂಪಾಗಿಸುವ ದೊಡ್ಡ ಇಂಟರ್‌ಕೂಲರನ್ನೂ ನಿಷ್ಕಾಸದ ಶಾಖ ತೋರಿಸುವ ಮಾಪಕವನ್ನೂ ನಕ್ಷೆ ತಿದ್ದುವ ಮೊದಲೇ ಹಾಕಿಸಿದ್ದೆ. ಹೆಚ್ಚಿದ ತಿರುಚುಬಲಕ್ಕೆ ಮೂಲ ಕ್ಲಚ್ ಜಾರುವುದು ಖಚಿತವಿದ್ದುದರಿಂದ ಅದೂ ಬದಲಾಯಿತು. ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟಲಿಲ್ಲ. ಅದನ್ನು ಕಿತ್ತು ರಸ್ತೆಗಿಳಿಸುವುದು ಬಹುತೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಅದರಿಂದ ಸಿಗುವ ಲಾಭವೂ ಹೇಳಿಕೊಳ್ಳುವಂಥದ್ದಲ್ಲ.

ಈ ಬಲ ನೆಲಕ್ಕೆ ಇಳಿಯಬೇಕಾದರೆ ಅದನ್ನು ಎಡಬಲದ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಒಪ್ಪಬೇಕು. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಒಳಬದಿಯ ಹಗುರಾದ ಚಕ್ರ ಗಿರಗಿರನೆ ಸುತ್ತುತ್ತದೆ, ಹೊರಬದಿಯದು ಸುಮ್ಮನಿರುತ್ತದೆ. ಇದಕ್ಕೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲುಗಳಲ್ಲಿ ಓರೆಹಲ್ಲಿನ ಗೇರುಗಳದು ನಯವಾಗಿ ಕೆಲಸ ಮಾಡುತ್ತದೆ, ಸ್ಟೀರಿಂಗನ್ನು ಎಳೆದಾಡುವುದಿಲ್ಲ. ಆದರೆ ಅದು ಹಗುರ ಚಕ್ರದ ಹಿಡಿತವನ್ನು ಇಂತಿಷ್ಟು ಪಟ್ಟು ಹೆಚ್ಚಿಸಿ ಇನ್ನೊಂದಕ್ಕೆ ಕೊಡುವಂಥದ್ದಾದ್ದರಿಂದ, ಒಂದು ಚಕ್ರ ಪೂರ್ತಿ ಗಾಳಿಗೇರಿದರೆ ಗುಣಿಸಲು ಏನೂ ಉಳಿಯುವುದಿಲ್ಲ. ಮೊದಲೇ ಬಿಗಿ ಕೊಟ್ಟ ಪ್ಲೇಟುಗಳ ಮಾದರಿ ಆಗಲೂ ಹಿಡಿಯುತ್ತದೆ, ಆದರೆ ನಿಧಾನದ ತಿರುವಿನಲ್ಲಿ ಸ್ಟೀರಿಂಗ್ ಭಾರವಾಗುತ್ತದೆ, ಎಣ್ಣೆಯನ್ನು ಬೇಗಬೇಗ ಬದಲಿಸಬೇಕಾಗುತ್ತದೆ. ವಾರವಿಡೀ ಸರಕಿನೊಂದಿಗೆ ಓಡುವ ವ್ಯಾನೆಂದು ಓರೆಹಲ್ಲಿನದನ್ನೇ ಆರಿಸಿದೆ. ಎಂಜಿನ್ನಿನ ಭಾರ ಮುಂದಿನ ಚಕ್ರಗಳ ಮೇಲೆಯೇ ಇರುವುದರಿಂದ ನನ್ನ ವ್ಯಾನಿನಲ್ಲಿ ನೆಲ ಬಿಡುವುದು ಹಿಂದಿನ ಚಕ್ರವೇ ಹೊರತು ಮುಂದಿನದಲ್ಲ.

ಗರಸಿನ ಹಾದಿಗೆ ಇಳಿಸಿದ ಮೇಲೆ ಓಡಿಸುವ ಕ್ರಮವನ್ನೂ ಬದಲಿಸಿಕೊಳ್ಳಬೇಕಾಯಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮೂರು ಮೀಟರಿನಷ್ಟು ಅಂತರವಿರುವ ವಾಹನ, ಎರಡೂವರೆ ಮೀಟರಿನ ಕಾರಿನಷ್ಟು ಚುರುಕಾಗಿ ದಿಕ್ಕು ಬದಲಿಸುವುದಿಲ್ಲ. ಬದಲಿಸಲು ಆರಂಭಿಸಿದ ಮೇಲೆ ಅಷ್ಟೇ ಬೇಗ ನಿಲ್ಲುವುದೂ ಇಲ್ಲ. ತಿರುವಿಗೆ ಮುನ್ನ ಒಮ್ಮೆ ವಿರುದ್ಧ ದಿಕ್ಕಿಗೆ ತೂಗಿ ಹಿಂಭಾಗವನ್ನು ಬೀಸುವ ಸ್ಕ್ಯಾಂಡಿನೇವಿಯನ್ ಪಟ್ಟು ಕಾರಿನಲ್ಲಿ ಸೊಗಸಾಗಿ ಬರುತ್ತದೆ. ವ್ಯಾನಿನಲ್ಲಿ ಎತ್ತರದ ತೂಕ ಎರಡು ಸಲ ಆಚೀಚೆ ಹೊರಳುವುದರಿಂದ ಅದನ್ನು ನಾನು ಮಾಡುವುದಿಲ್ಲ. ಅದರ ಬದಲು ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಒತ್ತುತ್ತಲೇ ಬಲಗಾಲಿನಲ್ಲಿ ಎಂಜಿನ್ ಬಲವನ್ನು ಬಿಡದೆ ಹಿಡಿಯುವುದು ಹೆಚ್ಚು ಫಲ ಕೊಟ್ಟಿತು: ಮೂತಿ ತಗ್ಗಿ ಮುಂದಿನ ಟಯರುಗಳು ಹಿಡಿಯುತ್ತವೆ, ಹಗುರಾದ ಹಿಂಭಾಗ ತಾನಾಗಿ ಹೊರಕ್ಕೆ ಸರಿಯುತ್ತದೆ, ಟರ್ಬೊದ ಒತ್ತಡವೂ ಬೀಳುವುದಿಲ್ಲ. ಹೇರ್‌ಪಿನ್ ತಿರುವುಗಳಿಗೆ ಮಾತ್ರ ಹ್ಯಾಂಡ್‌ಬ್ರೇಕ್ ಬೇಕೇ ಬೇಕು.

ಮಾರ್ಪಾಡು ಮುಗಿದ ಮೇಲೆ ಮತ್ತೆ ತೂಗಿಸಿದಾಗ ಮುಂದೆ 1,135, ಹಿಂದೆ 765, ಒಟ್ಟು 1,900 ಕಿಲೋ ಬಂತು. ತೆಗೆದದ್ದಕ್ಕಿಂತ ಸೇರಿಸಿದ್ದೇ ಹೆಚ್ಚು, ಆದರೆ ತೆಗೆದದ್ದು ಮೇಲಿನಿಂದ, ಸೇರಿಸಿದ್ದರಲ್ಲಿ ಹೆಚ್ಚಿನದು ನೆಲದ ಮಟ್ಟದಲ್ಲಿ. ಒಟ್ಟು ಮಿತಿ 2,800 ಕಿಲೋ ಬದಲಾಗದ ಕಾರಣ ಸರಕಿನ ಮಿತಿ 950ರಿಂದ 900ಕ್ಕೆ ಇಳಿಯಿತು. ಬ್ರೇಕು, ಸ್ಪ್ರಿಂಗು, ಸೀಟುಗಳ ಬದಲಾವಣೆಯನ್ನು ತಾಂತ್ರಿಕ ತಪಾಸಣೆಗೆ ಒಪ್ಪಿಸಿ ದಾಖಲೆಯಲ್ಲಿ ಸೇರಿಸಿದೆ, ವಿಮೆಯವರಿಗೂ ಒಂದೂ ಬಿಡದೆ ಬರೆದು ತಿಳಿಸಿದೆ. ಬಚ್ಚಿಟ್ಟ ಮಾರ್ಪಾಡು ಹೊರಬೀಳುವುದು ಅಪಘಾತವಾದ ದಿನವೇ. ತಪಾಸಣೆಯ ಅಧಿಕಾರಿ ಎಂಜಿನ್ನಿನತ್ತ ಹೆಚ್ಚು ನೋಡಲಿಲ್ಲ, ವಾಲ್ವಿನ ಸರಳನ್ನು ಮಾತ್ರ ಕೈಯಿಂದ ಅಲುಗಾಡಿಸಿ ನೋಡಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಈಗ ಉಳಿದಿರುವುದು ಗೇರುಗಳ ಅನುಪಾತ. ಹೇರ್‌ಪಿನ್ನಿನಿಂದ ಎರಡನೆಯ ಗೇರಿನಲ್ಲಿ ಹೊರಬರುವಾಗ ಎಂಜಿನ್ ನಿಮಿಷಕ್ಕೆ 1,500 ಸುತ್ತಿಗಿಂತ ಕೆಳಗೆ ಬಿದ್ದು ಟರ್ಬೊ ಎಚ್ಚೆತ್ತುಕೊಳ್ಳುವವರೆಗೂ ಕಾಯಬೇಕಾಗುತ್ತದೆ. ಗೇರುಗಳ ಆಚೆಗಿನ ಕೊನೆಯ ಹಲ್ಲುಜೋಡಿಯಾದ ಫೈನಲ್ ಡ್ರೈವ್ ಗಿಡ್ಡದಾದರೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತುವಂತಾದರೆ, ಅದು ಸರಿಹೋಗುತ್ತದೆ, ಹೊರೆ ಹೊತ್ತು ಏರು ಹತ್ತುವುದಕ್ಕೂ ಒಳ್ಳೆಯದೇ. ಆದರೆ ಐದೇ ಗೇರಿನ ವ್ಯಾನು ಹೆದ್ದಾರಿಯಲ್ಲಿ ದಿನವಿಡೀ ಹೆಚ್ಚು ಸುತ್ತಿನಲ್ಲಿ ಓಡಬೇಕಾಗುತ್ತದೆ. ಆರು ಗೇರಿನ ಪೆಟ್ಟಿಗೆಯೊಂದಿಗೆ ಗಿಡ್ಡ ಫೈನಲ್ ಡ್ರೈವ್ ಕೂರಿಸಿದರೆ ಎರಡೂ ಕಡೆಗೆ ಹೊಂದುತ್ತದೆಯೆಂದು ಲೆಕ್ಕ ಹೇಳುತ್ತಿದೆ, ಡ್ರೈವ್ ಶಾಫ್ಟುಗಳ ಉದ್ದ ಅದಕ್ಕೆ ಸರಿಬರುತ್ತದೆಯೇ ಎಂದು ಅಳೆಯುವ ಕೆಲಸ ನಡೆದಿದೆ.